ಪಂಜರದಿಂದ ಕೋಳಿ ಆರಿಸುವ ಹಕ್ಕು: ಬ್ರೂಕ್ಲಿನ್‌ನ ಕೋಷರ್ ಮಾರುಕಟ್ಟೆ ಮತ್ತು 1935ರ ಶೆಕ್ಟರ್ ಪ್ರಕರಣ

1935ರ ಮೇ 27, ಸೋಮವಾರ. ಅಮೆರಿಕದ ಸುಪ್ರೀಂ ಕೋರ್ಟು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಶೆಕ್ಟರ್ ಸಹೋದರರ ಕೋಳಿ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ಕಡೆ ನಿಂತರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ದೊಡ್ಡ ಆರ್ಥಿಕ ಯೋಜನೆಯೊಂದು ಅವತ್ತೇ ನೆಲಕಚ್ಚಿತು. ಕಾನೂನು ಕಾಲೇಜುಗಳಲ್ಲಿ ಈ ಕೇಸನ್ನು ಇವತ್ತಿಗೂ ಪಾಠ ಮಾಡುತ್ತಾರೆ. ಸಂಸತ್ತು ತನ್ನ ಕಾನೂನು ಮಾಡುವ ಅಧಿಕಾರವನ್ನು ಅಧ್ಯಕ್ಷರಿಗೆ ಎಷ್ಟರ ಮಟ್ಟಿಗೆ ಬಿಟ್ಟುಕೊಡಬಹುದು, ರಾಜ್ಯದೊಳಗಿನ ವ್ಯಾಪಾರದಲ್ಲಿ ಕೇಂದ್ರ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು ಅನ್ನುವುದು ಆ ಪಾಠ.

ಪಾಠ ಸರಿಯೇ. ಆದರೆ ಅದರಲ್ಲಿ ಕೋಳಿ ಕಾಣೆಯಾಗಿಬಿಡುತ್ತದೆ. ಶೆಕ್ಟರ್ ಸಹೋದರರದು ಯಾವುದೋ ಒಂದು ಕೋಳಿ ಅಂಗಡಿ ಆಗಿರಲಿಲ್ಲ. ಅದು ಕೋಷರ್, ಅಂದರೆ ಯೆಹೂದಿ ಧರ್ಮದ ಕಟ್ಟಳೆಯಂತೆ ಕೋಳಿ ಕೊಯ್ಯುವ ಸಗಟು ಮಾರುಕಟ್ಟೆ. ಮೇಲಿನ ಕೋರ್ಟಿನವರೆಗೆ ಹೋದ ಆರೋಪಗಳಲ್ಲಿ ಹೆಚ್ಚಿನವು ಒಂದೇ ಕೆಲಸದ ಮೇಲಿದ್ದವು. ಗಿರಾಕಿ ಪಂಜರದೊಳಗೆ ನೋಡಿ ತನಗೆ ಬೇಕಾದ ಕೋಳಿಯನ್ನು ಆರಿಸಿಕೊಳ್ಳಲು ಇವರು ಬಿಟ್ಟಿದ್ದರು, ಅಷ್ಟೇ. ಒಂದೊಂದು ಹಕ್ಕಿಯನ್ನೂ ಬೇರೆಬೇರೆಯಾಗಿ ನೋಡಬೇಕು ಎನ್ನುವ ಹಳೆಯ ಧರ್ಮದ ಕಾನೂನು ಆ ಕಸಾಯಿಖಾನೆಯೊಳಗೆ ಮೊದಲೇ ಇತ್ತು. ಕೋಳಿಯನ್ನು ಪಂಜರದ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು ಎನ್ನುವ ಹೊಸ ಸರ್ಕಾರಿ ಕಾನೂನು ಅದೇ ಬಾಗಿಲಿನಿಂದ ಒಳಗೆ ಬಂತು. ಈ ಪ್ರಕರಣವನ್ನು ಆ ಕಸಾಯಿಖಾನೆಯ ಒಳಗೆ ನಿಂತು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಶೋಖೆಟ್ ಮಾಡುವ ಕೆಲಸ

ಯೆಹೂದಿ ವಿಧಿಯ ಪ್ರಕಾರ ಪ್ರಾಣಿ ಕೊಯ್ಯುವುದಕ್ಕೆ ಶೆಖೀಟಾ ಅನ್ನುತ್ತಾರೆ. ಕೊಯ್ಯುವವನು ಶೋಖೆಟ್. ಇವನು ಸಾಮಾನ್ಯ ಕಟುಕ ಅಲ್ಲ. ಧರ್ಮದ ನಿಯಮ ಓದಿರಬೇಕು, ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಮುಂದೆ ಪರೀಕ್ಷೆ ಕೊಟ್ಟು ಅನುಮತಿ ಪಡೆದಿರಬೇಕು. ಅವನ ನಡತೆಯ ಮೇಲೆ ಜನಕ್ಕೆ ನಂಬಿಕೆ ಇರಬೇಕು.

'ನಾನು ಆಜ್ಞಾಪಿಸಿದ ಹಾಗೆ ಕೊಯ್ದು ತಿನ್ನು' ಎನ್ನುವ ಮಾತು ಯೆಹೂದಿ ಧರ್ಮಗ್ರಂಥವಾದ ತೋರಾದ ಧರ್ಮೋಪದೇಶ ಕಾಂಡದ 12ನೇ ಅಧ್ಯಾಯದಲ್ಲಿ ಬರುತ್ತದೆ. ಹೇಗೆ ಕೊಯ್ಯಬೇಕು ಅಂತ ಅಲ್ಲಿ ಬರೆದಿಲ್ಲ. ಅದು ಬಾಯಿಂದ ಬಾಯಿಗೆ ಬಂದ ಸಂಪ್ರದಾಯ. ಮುಂದೆ ಧರ್ಮದ ಕಾನೂನು ಚರ್ಚಿಸುವ ತಾಲ್ಮುದ್ ಗ್ರಂಥದ ಖುಲ್ಲಿನ್ ಎಂಬ ಭಾಗದಲ್ಲಿ ಅದರ ಚರ್ಚೆ ವಿಸ್ತಾರವಾಗಿ ಬಂತು. 16ನೇ ಶತಮಾನದಲ್ಲಿ ಸಫೇದ್ ಊರಿನ ಯೋಸೆಫ್ ಕಾರೋ ಬರೆದ ಶುಲ್ಖಾನ್ ಆರುಖ್ ಗ್ರಂಥದಲ್ಲಿ ನಿಯಮಗಳು ಕ್ರಮವಾಗಿ ಸೇರಿದವು. ಆ ಗ್ರಂಥದ ಯೋರೆ ದೇಆ ಎನ್ನುವ ಭಾಗ ಶುರುವಾಗುವುದೇ ಶೆಖೀಟಾ ನಿಯಮಗಳಿಂದ.

ಕತ್ತಿಯಿಂದಲೇ ಶುರು ಮಾಡೋಣ. ಅದರ ಅಲಗು ನೇರವಾಗಿರಬೇಕು, ತುದಿ ಚೂಪಾಗಿರಬಾರದು, ಬಾಯಲ್ಲಿ ಕೂದಲೆಳೆಯಷ್ಟೂ ಹಲ್ಲು ಇರಬಾರದು. ಶೋಖೆಟ್ ಅದನ್ನು ಬೆರಳ ತುದಿಯ ಮೇಲೂ ಉಗುರಿನ ಮೇಲೂ ಮೆಲ್ಲಗೆ ಎಳೆದು ನೋಡುತ್ತಾನೆ. ಅಲಗಿನ ನೆತ್ತಿಯನ್ನೂ ಎರಡೂ ಪಕ್ಕಗಳನ್ನೂ ಹೀಗೆ ಪರೀಕ್ಷೆ ಮಾಡಬೇಕು. ಕೊಯ್ಯುವ ಮುಂಚೆ ಒಮ್ಮೆ ನೋಡಬೇಕು, ಕೊಯ್ದ ಮೇಲೆ ಮತ್ತೆ ನೋಡಬೇಕು. ಕೊಯ್ದ ಮೇಲೆ ನೋಡಿದಾಗ ಚಿಕ್ಕ ಹಲ್ಲು ಸಿಕ್ಕಿದರೆ? ಹಿಂದಿನ ಪರೀಕ್ಷೆಯಿಂದ ಇಲ್ಲಿಯವರೆಗೆ ಕೊಯ್ದ ಕೋಳಿಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಒಂದು ಸಣ್ಣ ಹಲ್ಲಿಗೆ ಅಷ್ಟೂ ಕೋಳಿ ನಷ್ಟ. ಹಾಗಾಗಿ ಬೇಗ ಬೇಗ ಕೊಯ್ಯುವ ಜಾಗದಲ್ಲೂ ಶೋಖೆಟ್ ಆಗಾಗ ನಿಂತು ಕತ್ತಿ ನೋಡಿಕೊಳ್ಳುತ್ತಾನೆ.

ಕೊಯ್ಯುವಾಗ ಐದು ತಪ್ಪು ಆಗಬಾರದು. ಮಧ್ಯದಲ್ಲಿ ಕೈ ನಿಲ್ಲಬಾರದು. ಕತ್ತಿಯನ್ನು ಕೆಳಕ್ಕೆ ಒತ್ತಬಾರದು, ಹಿಂದಕ್ಕೂ ಮುಂದಕ್ಕೂ ಎಳೆದೇ ಕೊಯ್ಯಬೇಕು. ಕತ್ತಿ ಪುಕ್ಕದ ಅಡಿಯಲ್ಲೋ ಚರ್ಮದ ಅಡಿಯಲ್ಲೋ ಮುಚ್ಚಿಹೋಗಬಾರದು. ಕುತ್ತಿಗೆಯಲ್ಲಿ ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಕೊಯ್ಯಬಾರದು. ನಾಳಗಳು ಕೊಯ್ದು ಬೇರೆಯಾಗಬೇಕೇ ಹೊರತು ಕಿತ್ತು ಬರಬಾರದು. ಹಸು, ಕುರಿಯಾದರೆ ಶ್ವಾಸನಾಳ, ಅನ್ನನಾಳ ಎರಡರಲ್ಲೂ ಹೆಚ್ಚಿನ ಭಾಗ ಕತ್ತರಿಸಬೇಕು. ಕೋಳಿಗೆ ಎರಡರಲ್ಲಿ ಒಂದರ ಹೆಚ್ಚಿನ ಭಾಗ ಕತ್ತರಿಸಿದರೂ ನಿಯಮ ಒಪ್ಪುತ್ತದೆ, ಆದರೆ ಎರಡನ್ನೂ ಕೊಯ್ಯುವುದೇ ರೂಢಿ. ಕೆಲಸ ಶುರು ಮಾಡುವಾಗ ಪ್ರಾರ್ಥನೆ ಹೇಳಬೇಕು. ಹಕ್ಕಿಯ ರಕ್ತ ನೆಲಕ್ಕೆ ಬಿದ್ದಾಗ ಅದನ್ನು ಮಣ್ಣಿನಿಂದಲೋ ಮರದ ಹೊಟ್ಟಿನಿಂದಲೋ ಮುಚ್ಚಬೇಕು, ಕೆಳಗೂ ಅದೇ ಹಾಸಿರಬೇಕು. ದನಕ್ಕೆ ಈ ನಿಯಮ ಇಲ್ಲ. ಹಕ್ಕಿಗೂ ಕಾಡುಪ್ರಾಣಿಗೂ ಮಾತ್ರ.

ಕೊಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಪುಕ್ಕ ತೆಗೆಯಲು ಬಿಸಿನೀರಿನಲ್ಲಿ ಅದ್ದುವಂತಿಲ್ಲ, ಯಾಕೆಂದರೆ ಮಾಂಸದೊಳಗಿನ ರಕ್ತ ಇನ್ನೂ ಹೊರಗೆ ಬಂದಿರುವುದಿಲ್ಲ. ಹೀಗಾಗಿ ಒಣ ಪುಕ್ಕವನ್ನೇ ಕೀಳಬೇಕು. ಕೈ ನೋಯುವ ಕೆಲಸ ಅದು. ಆಮೇಲೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು, ಮತ್ತೆ ಚೆನ್ನಾಗಿ ತೊಳೆಯಬೇಕು. ಆ ಕಾಲದಲ್ಲಿ ಉಪ್ಪು ಹಾಕುವ ಕೆಲಸವನ್ನು ಬಹಳ ಮನೆಗಳಲ್ಲಿ ಹೆಂಗಸರೇ ಮಾಡುತ್ತಿದ್ದರು.

ಈ ಕೇಸಿಗೆ ತೀರಾ ಹತ್ತಿರದ್ದು ಇನ್ನೊಂದು ನಿಯಮ. ಕತ್ತಿ ಸರಿ ಇದ್ದು, ಕೈ ಸರಿ ಇದ್ದು, ಕೋಳಿಯೊಳಗೆ ಸಾಯುವಂಥ ದೋಷ ಇದ್ದರೆ ಅದು ಟ್ರೇಫ್. ತಿನ್ನುವಂತಿಲ್ಲ. ಮಿಶ್ನಾ ಎಂಬ ಹಳೆಯ ನಿಯಮ ಸಂಗ್ರಹದಲ್ಲಿ ಇಂಥ 18 ದೋಷಗಳ ಪಟ್ಟಿ ಇದೆ, ಧರ್ಮಪಂಡಿತ ಮೈಮೊನಿಡೀಸ್ ಅದನ್ನು ಬಿಡಿಸಿ 70ಕ್ಕೆ ತಂದ. ಕೋಳಿಯಲ್ಲಿ ನೋಡುವುದು ಹೆಚ್ಚಾಗಿ ಇವು: ಮೈಗೆ ಸೇರುವ ಕಡೆ ರೆಕ್ಕೆ ಮುರಿದಿದೆಯಾ, ಕರುಳು ತೂತಾಗಿದೆಯಾ, ಕಾಲಿನ ಕೀಲಿನ ಹತ್ತಿರ ನರಗಳು ಕಿತ್ತಿವೆಯಾ, ಕಾಳು ಅರೆಯುವ ಹೊಟ್ಟೆಯಲ್ಲಿ ಮೊಳೆಯೋ ಸೂಜಿಯೋ ಚುಚ್ಚಿದೆಯಾ. ಮನೆಯಲ್ಲಿ ಕೋಳಿ ಬಿಡಿಸಿದಾಗ ಏನಾದರೂ ಅನುಮಾನ ಬಂದರೆ ಹೆಂಗಸರು ಅದನ್ನು ಹಾಗೇ ಎತ್ತಿಕೊಂಡು ರಬ್ಬಿಯ ಹತ್ತಿರ ಕೇಳಲು ಹೋಗುತ್ತಿದ್ದರು. ರಬ್ಬಿ ಬೇಡ ಅಂದರೆ ಕೋಳಿ ಹೋಯಿತು, ದುಡ್ಡೂ ಹೋಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪ್ರತಿ ಗಿರಾಕಿಯೂ ಕೋಳಿ ಆರಿಸಲೇಬೇಕು ಅಂತ ಧರ್ಮದ ಕಾನೂನು ಎಲ್ಲೂ ಹೇಳುವುದಿಲ್ಲ. ಹೆಚ್ಚಿನ ಕೋಳಿಗಳು ಆರೋಗ್ಯವಾಗಿಯೇ ಇರುತ್ತವೆ ಎಂದು ಅದು ನಂಬಿ ನಡೆಯುತ್ತದೆ. ಆದರೆ ದೋಷ ಕಣ್ಣಿಗೆ ಬಿದ್ದ ಮೇಲೆ ಕಾಣದ ಹಾಗೆ ಇರಲು ಅದು ಬಿಡುವುದಿಲ್ಲ. ಜೋಲುಬಿದ್ದ ರೆಕ್ಕೆ ನೋಡಿದ ಮೇಲೆ ಪರೀಕ್ಷೆ ಮಾಡಲೇಬೇಕು. ಇಂಥ ಕಾನೂನಿನ ಜೊತೆ ತಲೆತಲಾಂತರದಿಂದ ಬದುಕಿದವರಿಗೆ ಕೋಳಿಯನ್ನು ಎತ್ತಿ, ತಿರುಗಿಸಿ, ನೋಡಿ ಕೊಳ್ಳುವುದು ಸಹಜ ಅಭ್ಯಾಸ. ಹೊಸ ತೊಡಕಿಗೆ ನಾಟಿ ಕೋಳಿ ತರಲು ಹೋಗುವ ನಮ್ಮವರೂ ಜುಟ್ಟು ನೋಡ್ತಾರೆ, ಎದೆ ಹಿಡಿದು ನೋಡ್ತಾರೆ, ಮಂಕಾಗಿ ಕೂತಿದ್ದನ್ನು ಬೇಡ ಅಂತಾರೆ, ಅಲ್ವಾ? ಅಲ್ಲಿ ಅದರ ಹಿಂದೆ ಧರ್ಮದ ಭಯವೂ ಸೇರಿತ್ತು.

ನ್ಯೂಯಾರ್ಕಿನ ಕೋಳಿ ಪೇಟೆ

ಆಗ ಜೀವಂತ ಕೋಳಿಗೆ ಅಮೆರಿಕದಲ್ಲೇ ಅತಿ ದೊಡ್ಡ ಪೇಟೆ ನ್ಯೂಯಾರ್ಕ್. ಅಲ್ಲಿಗೆ ಬರುವ ಕೋಳಿಯಲ್ಲಿ ಶೇಕಡಾ 96 ಬೇರೆ ರಾಜ್ಯಗಳಿಂದ ಬರುತ್ತಿತ್ತು, ಅದರಲ್ಲೂ ಹೆಚ್ಚಿನದು ರೈಲಿನಲ್ಲಿ. ಈ ದೊಡ್ಡ ಬೇಡಿಕೆಯ ಹಿಂದೆ ಆ ಊರಿನ ಯೆಹೂದಿ ಜನ ಇದ್ದರು. ಅವರ ಸಂಖ್ಯೆ ಆಗ 15 ಲಕ್ಷ ದಾಟಿತ್ತು. ದೂರದಲ್ಲಿ ಯಾರೋ ಹೇಗೋ ಕೊಯ್ದು ಮಂಜುಗಡ್ಡೆಯಲ್ಲಿ ಕಳಿಸಿದ ಕೋಳಿ ಅವರಿಗೆ ಆಗುವುದಿಲ್ಲ. ಕೋಳಿ ಜೀವಂತ ಬರಬೇಕು, ಇಲ್ಲಿನ ಶೋಖೆಟ್ ಕೊಯ್ಯಬೇಕು. ಶುಕ್ರವಾರ ಸಂಜೆ ಶುರುವಾಗುವ ಸಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ಊಟಕ್ಕೆ ಕೋಳಿ ಬೇಕೇ ಬೇಕು. ಹಾಗಾಗಿ ವಾರದ ಕೊನೆಗೂ ಹಬ್ಬದ ಮುಂಚೆಯೂ ಮಾರುಕಟ್ಟೆ ತುಂಬುತ್ತಿತ್ತು.

ದುಡ್ಡು ಇರುವ ಕಡೆ ಜಗಳವೂ ಇರುತ್ತದೆ. 1888ರಲ್ಲಿ ಊರಿನ ಸಂಪ್ರದಾಯಸ್ಥ ಯೆಹೂದಿ ಸಭೆಗಳಲ್ಲಿ ಕೆಲವು ಸೇರಿ ಯೂರೋಪಿನ ವಿಲ್ನಾ ನಗರದಿಂದ ಯಾಕೋಬ್ ಯೋಸೆಫ್ ಎಂಬ ರಬ್ಬಿಯನ್ನು ಮುಖ್ಯ ರಬ್ಬಿಯಾಗಿ ಕರೆಸಿಕೊಂಡಿದ್ದವು. ಕೋಷರ್ ಕೋಳಿಯ ಕಾಲಿಗೆ ಒಂದು ಸೀಸದ ಮುದ್ರೆ ಕಟ್ಟುವುದು, ಅದಕ್ಕೆ ಕೋಳಿಗೆ ಒಂದು ಸೆಂಟ್ ತೆಗೆದುಕೊಳ್ಳುವುದು ಎಂದು ಆಯಿತು. ಜನ ಸಿಟ್ಟಿಗೆದ್ದರು. ರಷ್ಯಾದ ಜಾರ್ ಆಳ್ವಿಕೆಯಲ್ಲಿ ಮಾಂಸದ ಮೇಲೆ ಕಟ್ಟುತ್ತಿದ್ದ ತೆರಿಗೆ ಅವರಿಗೆ ನೆನಪಾಯಿತು. 1902ರ ಮೇ ತಿಂಗಳಲ್ಲಿ ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18ಕ್ಕೆ ಏರಿದಾಗ ಊರಿನ ಲೋವರ್ ಈಸ್ಟ್ ಸೈಡ್ ಬಡಾವಣೆಯ ಹೆಂಗಸರು ಬೀದಿಗಿಳಿದು ಮಾಂಸದಂಗಡಿಗಳಿಗೆ ಬಹಿಷ್ಕಾರ ಹಾಕಿದರು. 1914ರ ನವೆಂಬರಿನಲ್ಲಿ ಬಾರ್ನೆಟ್ ಬಾಫ್ ಎಂಬ ಕೋಳಿ ವ್ಯಾಪಾರಿಯನ್ನು ಮಾರುಕಟ್ಟೆಯ ಹತ್ತಿರವೇ ಗುಂಡಿಟ್ಟು ಕೊಂದರು. 1934ರ ಫೆಬ್ರವರಿಯಲ್ಲಿ ಇದೇ ಕೋಳಿ ಪೇಟೆಯ ವ್ಯಾಪಾರಿ ಸಂಘ ಮತ್ತು ಕಾರ್ಮಿಕ ಸಂಘಗಳು ಸೇರಿಕೊಂಡು ಪೈಪೋಟಿ ಮುಗಿಸಿ ಬೆಲೆ ಹಿಡಿದಿಟ್ಟುಕೊಂಡ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರ ಮೇಲಿನ ತಡೆಯಾಜ್ಞೆ ಗಟ್ಟಿಯಾಗಿತ್ತು.

ಇದನ್ನೆಲ್ಲ ಹೇಳಲು ಕಾರಣ ಇದೆ. ಸರ್ಕಾರ ಸುಮ್ನೆ ಕೋಳಿ ಅಂಗಡಿಗೆ ನುಗ್ಗಲಿಲ್ಲ. ಆ ಪೇಟೆಯಲ್ಲಿ ಬೆದರಿಕೆ ಇತ್ತು, ಮೋಸ ಇತ್ತು, ಕೂಲಿಯವರನ್ನು ಹಿಂಡುವುದೂ ಇತ್ತು. ಯಾರಾದರೂ ಕೈಹಾಕಲೇಬೇಕಿತ್ತು.

ಶೆಕ್ಟರ್ ಸಹೋದರರು

ಜೋಸೆಫ್, ಮಾರ್ಟಿನ್, ಅಲೆಕ್ಸ್, ಆರನ್ ಎನ್ನುವ ನಾಲ್ವರು ಸಹೋದರರು ಬ್ರೂಕ್ಲಿನ್‌ನಲ್ಲಿ ಎರಡು ಕಂಪನಿ ನಡೆಸುತ್ತಿದ್ದರು. ಒಂದನ್ನು ಜೋಸೆಫ್ ನೋಡಿಕೊಳ್ಳುತ್ತಿದ್ದ, ಇನ್ನೊಂದನ್ನು ಉಳಿದ ಮೂವರು. ಮ್ಯಾನ್‌ಹಟನ್‌ನ ವೆಸ್ಟ್ ವಾಷಿಂಗ್ಟನ್ ಮಾರುಕಟ್ಟೆಯಲ್ಲೋ ರೈಲು ನಿಲ್ದಾಣದಲ್ಲೋ ದಲ್ಲಾಳಿಗಳಿಂದ ಕೋಳಿ ಕೊಂಡು, ಲಾರಿಯಲ್ಲಿ ತಮ್ಮ ಕಸಾಯಿಖಾನೆಗೆ ತರುತ್ತಿದ್ದರು. ಅಪರೂಪಕ್ಕೆ ಫಿಲಡೆಲ್ಫಿಯಾದಿಂದಲೂ ತಂದದ್ದುಂಟು. ಸಾಮಾನ್ಯವಾಗಿ 24 ಗಂಟೆಯೊಳಗೆ ಕೋಳಿ ಖಾಲಿಯಾಗುತ್ತಿತ್ತು. ಕೊಳ್ಳುವವರು ಚಿಲ್ಲರೆ ಅಂಗಡಿಯವರು, ಮಾಂಸದ ಅಂಗಡಿಯವರು. ಅವರು ಕೊಂಡ ತಕ್ಷಣ ಶೆಕ್ಟರ್‌ಗಳ ಬಳಿ ಸಂಬಳಕ್ಕಿದ್ದ ಶೋಖೆಟ್‌ಗಳು ಕೋಳಿ ಕೊಯ್ದುಕೊಡುತ್ತಿದ್ದರು. ಕೊಯ್ದ ಕೋಳಿ ಊರಿನೊಳಗೇ ಮಾರಾಟವಾಗುತ್ತಿತ್ತು. ಬೇರೆ ರಾಜ್ಯಕ್ಕೆ ಇವರು ಕಳಿಸುತ್ತಿರಲಿಲ್ಲ.

ಮಹಾ ಆರ್ಥಿಕ ಕುಸಿತದ ಹೊತ್ತು ಅದು. 1933ರ ಜೂನ್ 16ರಂದು ರೂಸ್ವೆಲ್ಟ್ ರಾಷ್ಟ್ರೀಯ ಕೈಗಾರಿಕಾ ಚೇತರಿಕೆ ಕಾಯ್ದೆಗೆ ಸಹಿ ಹಾಕಿದರು. ಒಂದೊಂದು ವ್ಯಾಪಾರದವರೂ ಕೂತು ತಮ್ಮ ತಮ್ಮ 'ನ್ಯಾಯಯುತ ಪೈಪೋಟಿ ಕೋಡ್' ಬರೆಯಬೇಕು, ಅಧ್ಯಕ್ಷರು ಒಪ್ಪಿಗೆ ಕೊಟ್ಟರೆ ಅದು ಕಾನೂನು. ಮೀರಿದರೆ ಪ್ರತಿ ತಪ್ಪಿಗೆ 500 ಡಾಲರ್‌ವರೆಗೆ ದಂಡ. ಇಂಥ 500ಕ್ಕೂ ಹೆಚ್ಚು ಕೋಡ್‌ಗಳು ಬಂದವು. ಒಪ್ಪಿದ ಅಂಗಡಿಗಳು ನೀಲಿ ಹದ್ದಿನ ಚಿತ್ರವನ್ನು ಕಿಟಕಿಗೆ ಅಂಟಿಸಿಕೊಳ್ಳುತ್ತಿದ್ದವು.

ನ್ಯೂಯಾರ್ಕ್ ಸುತ್ತಮುತ್ತಲಿನ ಜೀವಂತ ಕೋಳಿ ವ್ಯಾಪಾರದ ಕೋಡ್‌ಗೆ 1934ರ ಏಪ್ರಿಲ್ 13ರಂದು ಒಪ್ಪಿಗೆ ಬಿತ್ತು. ಅದರಲ್ಲಿ ಒಳ್ಳೆಯದಿತ್ತು. ವಾರಕ್ಕೆ 40 ಗಂಟೆಗಿಂತ ಜಾಸ್ತಿ ದುಡಿಸಬಾರದು, ಗಂಟೆಗೆ ಕನಿಷ್ಠ 50 ಸೆಂಟ್ ಕೂಲಿ ಕೊಡಬೇಕು, 16 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು. ಪುಕ್ಕ ಕೀಳುವ, ಪಂಜರ ಹೊರುವ ಜನಕ್ಕೆ ಇದು ದೊಡ್ಡ ಆಸರೆ. ಇದನ್ನು ಬೇಡ ಅನ್ನುವುದು ಹೇಗೆ?

ಅದೇ ಕೋಡ್‌ನಲ್ಲಿ 'ನೇರ ಕೊಯ್ಲು' ಎನ್ನುವ ನಿಯಮವೂ ಇತ್ತು. ಮಾರಲು ಕೋಳಿ ಕೊಳ್ಳುವ ಅಂಗಡಿಯವನು ಅರ್ಧ ಪಂಜರವನ್ನೋ ಪೂರ್ತಿ ಪಂಜರವನ್ನೋ ಹಲವು ಪಂಜರಗಳನ್ನೋ ಆರಿಸಿಕೊಳ್ಳಬಹುದು. ಅದರೊಳಗಿನ ಕೋಳಿಗಳನ್ನು ಒಂದೊಂದಾಗಿ ಆರಿಸುವಂತಿಲ್ಲ. ಕೈಗೆ ಬಂದದ್ದನ್ನು ತೆಗೆದುಕೊಳ್ಳಬೇಕು. ತೀರಾ ಕಳಪೆ ಕೋಳಿಗೆ ಮಾತ್ರ ವಿನಾಯಿತಿ.

ಸರ್ಕಾರದ ಲೆಕ್ಕ ಹೀಗಿತ್ತು. ಬಂದವರೆಲ್ಲ ಒಳ್ಳೆಯ ಕೋಳಿಯನ್ನೇ ಆರಿಸಿಕೊಂಡು ಹೋದರೆ ಕೊನೆಗೆ ಬಡಕಲು ಕೋಳಿ ಉಳಿಯುತ್ತವೆ. ಅವನ್ನು ಬಿಟ್ಟಿ ಬೆಲೆಗೆ ಮಾರಬೇಕಾಗುತ್ತದೆ. ಅದರಿಂದ ಪೇಟೆಯ ಬೆಲೆಯೇ ಇಳಿಯುತ್ತದೆ, ದೂರದ ರಾಜ್ಯದ ರೈತನವರೆಗೂ ಪೆಟ್ಟು ತಲುಪುತ್ತದೆ. ಬೆಲೆ ಏರಿಸುವುದೇ ಆಗಿನ ಗುರಿ. ಹಾಗಾಗಿ ಆರಿಸುವುದನ್ನು ನಿಲ್ಲಿಸಿದರು.

ಎರಡು ಕಾನೂನು, ಒಂದು ಪಂಜರ

ನೇರ ಕೊಯ್ಲು ನಿಯಮ ಶೋಖೆಟ್‌ನ ಕತ್ತಿಯನ್ನು ಮುಟ್ಟಲಿಲ್ಲ. ಐದು ತಪ್ಪುಗಳ ವಿಚಾರಕ್ಕೂ ಬರಲಿಲ್ಲ. ಕಾಗದದ ಮೇಲೆ ನೋಡಿದರೆ ಧರ್ಮದ ಕಾನೂನಿಗೂ ಸರ್ಕಾರದ ಕೋಡ್‌ಗೂ ಎದುರುಬದುರು ಜಗಳವೇ ಇಲ್ಲ. ಕಳಪೆ ಕೋಳಿಗೆ ವಿನಾಯಿತಿ ಇತ್ತಲ್ಲ ಅಂತ ಯಾರಾದರೂ ಕೇಳಬಹುದು.

ಜಗಳ ಇದ್ದದ್ದು ಕಳಪೆ ಯಾವುದು ಅಂತ ಹೇಳುವವರು ಯಾರು ಅನ್ನುವುದರಲ್ಲಿ. ಚಿಲ್ಲರೆ ಅಂಗಡಿಯವನ ಮಟ್ಟಿಗೆ ಕಳಪೆ ಅಂದರೆ ಸತ್ತುಬೀಳುವ ಕೋಳಿ ಮಾತ್ರ ಅಲ್ಲ. ರೆಕ್ಕೆ ಸ್ವಲ್ಪ ಇಳಿಬಿಟ್ಟಿದ್ದು, ಕಾಲು ಎಳೆಯುವುದು, ಕೀಲು ಊದಿದ್ದು, ಇವೆಲ್ಲ ಅವನಿಗೆ ಎಚ್ಚರಿಕೆಯೇ. ಕೊಯ್ದು ಬಿಡಿಸಿದ ಮೇಲೆ ಟ್ರೇಫ್ ಅಂತಾದರೆ ಯೆಹೂದಿ ಗಿರಾಕಿಗೆ ಅದನ್ನು ಮಾರುವಂತಿಲ್ಲ. ಬೇರೆಯವರಿಗೆ ಕಡಿಮೆ ಬೆಲೆಗೆ ಕೊಡಬೇಕು. ಗೊತ್ತಿದ್ದೂ ಮಾರಿದರೆ ಅವನ ಅಂಗಡಿಯ ಮರ್ಯಾದೆ ಹೋಗುತ್ತದೆ, ಬೀದಿಯ ಹೆಂಗಸರು ಮತ್ತೆ ಅವನ ಹತ್ತಿರ ಬರುವುದಿಲ್ಲ. ಜೊತೆಗೆ ರಾಜ್ಯದ ಕಾನೂನೂ ಇತ್ತು. ಕೋಷರ್ ಅಲ್ಲದ್ದನ್ನು ಕೋಷರ್ ಎಂದು ಮೋಸದಿಂದ ಮಾರುವುದು ಆಗ ನ್ಯೂಯಾರ್ಕಿನಲ್ಲಿ ಅಪರಾಧವಾಗಿತ್ತು. ಆ ಕಾನೂನನ್ನು 1925ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು.

ಅಂಗಡಿಯವನ ಪರಿಸ್ಥಿತಿ ಯೋಚಿಸಿ. ಕೋಳಿ ನೋಡದೆ ತೆಗೆದುಕೋ ಅಂತ ಒಂದು ಕಾನೂನು ಹೇಳುತ್ತದೆ. ತಪ್ಪು ಕೋಳಿ ಮಾರಿದರೆ ಹಿಡಿಯುತ್ತೇನೆ ಅಂತ ಇನ್ನೊಂದು ಹೇಳುತ್ತದೆ. ಕಂಡ ದೋಷವನ್ನು ಬಿಡಬೇಡ ಅಂತ ಮೂರನೆಯದು, ಎಲ್ಲಕ್ಕಿಂತ ಹಳೆಯದು, ಹೇಳುತ್ತದೆ. ಶೆಕ್ಟರ್ ಅಂಗಡಿಯಲ್ಲಿ ಪಂಜರಕ್ಕೆ ಕೈಹಾಕಿ ಬೇಕಾದ್ದನ್ನು ಎತ್ತಿಕೊಳ್ಳಲು ಬಿಡುತ್ತಿದ್ದದ್ದು ಹಳೆಯ ಪದ್ಧತಿ. ಕೋಡ್ ಬರೆದವರಿಗೆ ಅದು ಬೆಲೆ ಕೆಡಿಸುವ ಚಟವಾಗಿ ಕಂಡಿತು. ಕೋಡ್ ಬರೆಯುವ ಹೊತ್ತಿಗೆ ಕೋಷರ್ ಗಿರಾಕಿಗೆ ಈ ಆಯ್ಕೆ ಯಾಕೆ ಬೇಕು ಎನ್ನುವುದಕ್ಕೆ ತಕ್ಕ ತೂಕ ಕೊಟ್ಟಿರಲಿಲ್ಲ. ನನ್ನ ಪ್ರಕಾರ ದೊಡ್ಡ ತಪ್ಪು ಆದದ್ದು ಅಲ್ಲೇ. ಕೂಲಿ ನಿಯಮ ಮತ್ತು ಆಯ್ಕೆ ನಿಯಮ ಎರಡನ್ನೂ ಒಂದೇ ಕಟ್ಟಿಗೆ ಹಾಕಿದರು. ಕಟ್ಟು ಬಿದ್ದಾಗ ಎರಡೂ ಬಿದ್ದವು.

ಕೋಳಿಯ ಮೇಲೆ ಹತೋಟಿ ಯಾರದು ಎನ್ನುವ ಗಲಾಟೆ ಸಮುದಾಯದ ಒಳಗೂ ಅದೇ ವರ್ಷಗಳಲ್ಲಿ ನಡೆಯುತ್ತಿತ್ತು. ತಮ್ಮ ಮೇಲ್ವಿಚಾರಣೆಯ ಮುದ್ರೆ ಇಲ್ಲದ ಕೋಳಿಯನ್ನು ತಿನ್ನಬಾರದು ಎಂದು ಗ್ರೇಟರ್ ನ್ಯೂಯಾರ್ಕಿನ ಕಷ್ರುತ್ (ಕೋಷರ್ ಕಟ್ಟಳೆ) ಸಂಘದ ರಬ್ಬಿಗಳು ನಿಷೇಧ ಹೊರಡಿಸಿದರು. ಒಂದು ಕೋಳಿ ಕಂಪನಿ ಅದರ ವಿರುದ್ಧ ಕೋರ್ಟಿಗೆ ಹೋಯಿತು. 1888ರ ಒಂದು ಸೆಂಟಿನ ಮುದ್ರೆಯ ಕಥೆ ಮತ್ತೆ ಬೇರೆ ರೂಪದಲ್ಲಿ ಬಂದ ಹಾಗಾಯಿತು.

ಆರೋಪ, ಶಿಕ್ಷೆ

ಶೆಕ್ಟರ್‌ಗಳ ಮೇಲೆ 60 ಆರೋಪ ಹೊರಿಸಿದರು. ಕೆಳಗಿನ ಕೋರ್ಟಿನಲ್ಲಿ 18 ಆರೋಪಗಳು ಮತ್ತು ಒಳಸಂಚಿನ ಒಂದು ಆರೋಪ ನಿಂತವು. ಸಹೋದರರಿಗೆ ದಂಡವೂ ಬಿತ್ತು, ಜೈಲು ಶಿಕ್ಷೆಯೂ ಆಯಿತು. ಹದಿನೆಂಟನ್ನು ಬಿಡಿಸಿ ನೋಡಿದರೆ ಪ್ರಕರಣದ ಗುಣ ತಿಳಿಯುತ್ತದೆ. ಕೂಲಿ ಮತ್ತು ದುಡಿಮೆಯ ಗಂಟೆಯ ಮೇಲೆ ಎರಡು. ನಗರದ ತಪಾಸಣೆ ಆಗದ ಕೋಳಿ ಮಾರಿದ್ದಕ್ಕೆ ಎರಡು. ಬೆಲೆ ಮತ್ತು ಮಾರಾಟದ ವರದಿ ಸುಳ್ಳು ಕೊಟ್ಟದ್ದಕ್ಕೆ ಅಥವಾ ಕೊಡದೇ ಇದ್ದದ್ದಕ್ಕೆ ಎರಡು. ಲೈಸೆನ್ಸ್ ಇಲ್ಲದವರಿಗೆ ಮಾರಿದ್ದಕ್ಕೆ ಒಂದು. ತಿನ್ನಲು ಯೋಗ್ಯವಲ್ಲದ ಕೋಳಿಯೊಂದನ್ನು ಮಾಂಸದಂಗಡಿಯವನಿಗೆ ಮಾರಿದ್ದಕ್ಕೆ ಒಂದು. ಉಳಿದ ಹತ್ತೂ ನೇರ ಕೊಯ್ಲು ನಿಯಮ ಮುರಿದದ್ದಕ್ಕೆ.

ಪತ್ರಿಕೆಗಳು ಹಿಡಿದುಕೊಂಡದ್ದು ಆ ಒಂದು ಕೋಳಿಯನ್ನು. 'ರೋಗದ ಕೋಳಿ ಕೇಸು' ಎನ್ನುವ ಹೆಸರು ಇವತ್ತಿಗೂ ಉಳಿದಿದೆ. ಈ ಹೆಸರು ಅನ್ಯಾಯದ್ದು ಅಂತ ನನಗನಿಸುತ್ತದೆ. ಶೋಖೆಟ್ ಇಟ್ಟುಕೊಂಡು, ಧರ್ಮದ ತಪಾಸಣೆಯ ಮೇಲೆಯೇ ಹೊಟ್ಟೆ ಹೊರೆಯುವ ವ್ಯಾಪಾರಿಗೆ ರೋಗದ ಕೋಳಿ ಮಾರುವವನು ಎನ್ನುವ ಮಾತಿಗಿಂತ ದೊಡ್ಡ ಅವಮಾನ ಇಲ್ಲ. ಹಾಗಂತ ಅವರ ಮೇಲಿನ ಎಲ್ಲ ಆರೋಪವೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸುಳ್ಳು ವರದಿ ಸುಳ್ಳು ವರದಿಯೇ. ಕೂಲಿಯವನಿಗೆ ಕಡಿಮೆ ಕೊಟ್ಟದ್ದು ಕಡಿಮೆ ಕೊಟ್ಟದ್ದೇ.

ಮೇಲ್ಮನವಿ ಕೋರ್ಟು ಕೂಲಿ ಮತ್ತು ಗಂಟೆಯ ಎರಡು ಆರೋಪಗಳನ್ನು ತೆಗೆದುಹಾಕಿತು. ಕಸಾಯಿಖಾನೆಯೊಳಗಿನ ಕೂಲಿ ಅಂತರರಾಜ್ಯ ವ್ಯಾಪಾರ ಅಲ್ಲ, ಕೇಂದ್ರಕ್ಕೆ ಅದರ ಮೇಲೆ ಅಧಿಕಾರ ಇಲ್ಲ ಎಂದಿತು. ಉಳಿದ ಹದಿನಾರು ಮತ್ತು ಒಳಸಂಚು ನಿಂತವು. ಕೋಡ್‌ನಲ್ಲಿ ಬಡವನಿಗೆ ನೇರವಾಗಿ ಉಪಯೋಗಕ್ಕೆ ಬರುವ ಭಾಗವೇ ಮೊದಲು ಬಿದ್ದುಹೋಯಿತು. ಗಿರಾಕಿಯ ಕೈ ಕಟ್ಟುವ ಭಾಗ ಇನ್ನೂ ಉಳಿದಿತ್ತು.

ಸುಪ್ರೀಂ ಕೋರ್ಟಿನಲ್ಲಿ ಕೋಳಿ

ಮೇ 2 ಮತ್ತು 3ರಂದು ವಾದ ನಡೆಯಿತು. ಸುಪ್ರೀಂ ಕೋರ್ಟಿಗೆ ಆಗಿನ್ನೂ ಸ್ವಂತ ಕಟ್ಟಡ ಇರಲಿಲ್ಲ, ಸಂಸತ್ ಭವನವಾದ ಕ್ಯಾಪಿಟಲ್‌ನ ಹಳೆಯ ಸೆನೆಟ್ ಕೊಠಡಿಯಲ್ಲಿ ಕೂರುತ್ತಿತ್ತು. ಸರ್ಕಾರದ ಪರ ಸಾಲಿಸಿಟರ್ ಜನರಲ್ ಸ್ಟಾನ್ಲಿ ರೀಡ್ ಮತ್ತು ಡೊನಾಲ್ಡ್ ರಿಚ್‌ಬರ್ಗ್. ಶೆಕ್ಟರ್‌ಗಳ ಪರ ಬ್ರೂಕ್ಲಿನ್ ವಕೀಲ ಜೋಸೆಫ್ ಹೆಲ್ಲರ್, ಜೊತೆಗೆ ದೊಡ್ಡ ಕಂಪನಿಗಳ ಕೇಸು ನಡೆಸುವ ಫ್ರೆಡರಿಕ್ ವುಡ್.

ನೇರ ಕೊಯ್ಲು ಎಂದರೇನು ಅಂತ ನ್ಯಾಯಮೂರ್ತಿಗಳು ಹೆಲ್ಲರ್‌ಗೆ ಕೇಳಿದರು. ಪಂಜರಕ್ಕೆ ಕೈಹಾಕಿ, ಕೈಗೆ ಸಿಕ್ಕ ಕೋಳಿಯನ್ನು ತೆಗೆದುಕೊಳ್ಳಬೇಕು, ಆರಿಸುವಂತಿಲ್ಲ ಎಂದು ಹೆಲ್ಲರ್ ಕೈಯಾಡಿಸಿ ವಿವರಿಸಿದರು. ಕೋಳಿಗಳೆಲ್ಲ ಪಂಜರದ ಒಂದು ಮೂಲೆಗೆ ಸೇರಿಕೊಂಡಿದ್ದರೆ ಏನು ಮಾಡುವುದು ಅಂತ ನ್ಯಾಯಮೂರ್ತಿ ಸದರ್ಲ್ಯಾಂಡ್ ಕೇಳಿದರು. ಕೋರ್ಟು ನಕ್ಕಿತು. ಪಂಜರದ ಮುಂದೆ ನಿಂತು ನೋಡಿದವರಿಗೆ ಆ ಪ್ರಶ್ನೆ ನಗುವಂಥದ್ದಲ್ಲ. ನಿಯಮ ಎಷ್ಟರ ಮಟ್ಟಿಗೆ ಕೆಲಸದ ಜಾಗದಿಂದ ದೂರ ಇತ್ತು ಎನ್ನುವುದು ಆ ಒಂದು ಪ್ರಶ್ನೆಯಲ್ಲೇ ಹೊರಗೆ ಬಂತು.

ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಎರಡು ಕಾರಣ ಕೊಟ್ಟರು. ಮೊದಲನೆಯದು, ಯಾವ ಅಳತೆಗೋಲೂ ಕೊಡದೆ ಕೋಡ್ ಮಾಡುವ ಅಧಿಕಾರವನ್ನು ಅಧ್ಯಕ್ಷರ ಕೈಗೆ, ಅವರ ಮೂಲಕ ವ್ಯಾಪಾರಿ ಸಂಘಗಳ ಕೈಗೆ ಸಂಸತ್ತು ಬಿಟ್ಟುಕೊಟ್ಟಿದೆ. ಅದು ಆಗದು. ಎರಡನೆಯದು, ಕೋಳಿ ಬೇರೆ ರಾಜ್ಯದಿಂದ ಬಂದಿರಬಹುದು, ಆದರೆ ಬ್ರೂಕ್ಲಿನ್‌ನ ಕಸಾಯಿಖಾನೆಗೆ ಬಂದು ಇಳಿದ ಮೇಲೆ ಆ ಪ್ರಯಾಣ ಮುಗಿಯಿತು. ಅಲ್ಲಿ ಕೊಯ್ಯುವುದು, ಮಾರುವುದು ಊರಿನೊಳಗಿನ ವ್ಯಾಪಾರ. ಅದರಿಂದ ಹೊರರಾಜ್ಯದ ವ್ಯಾಪಾರಕ್ಕೆ ಆಗುವ ಪರಿಣಾಮ ಸುತ್ತುಬಳಸಿದ್ದು. ಅಸಾಧಾರಣ ಪರಿಸ್ಥಿತಿ ಬಂತು ಅಂತ ಸಂವಿಧಾನದ ಅಧಿಕಾರ ಹಿಗ್ಗುವುದಿಲ್ಲ ಎಂದೂ ಹ್ಯೂಸ್ ಬರೆದರು. ನ್ಯಾಯಮೂರ್ತಿ ಕಾರ್ಡೋಜೊ ಬೇರೆಯಾಗಿ ಬರೆದ ಒಪ್ಪಿಗೆಯ ತೀರ್ಪಿನಲ್ಲಿ, ಇದು ಅಧಿಕಾರ ಬಿಟ್ಟುಕೊಡುವುದು ಲಂಗುಲಗಾಮಿಲ್ಲದೆ ಓಡಿದ್ದು ಎಂದರು. ಸ್ಟೋನ್ ಅವರ ಜೊತೆ ಸೇರಿದರು.

ಆ ಪೀಠದಲ್ಲಿ ಇಬ್ಬರು ಯೆಹೂದಿ ನ್ಯಾಯಮೂರ್ತಿಗಳಿದ್ದರು, ಬ್ರಾಂಡೈಸ್ ಮತ್ತು ಕಾರ್ಡೋಜೊ. ಆದರೂ ತೀರ್ಪಿನಲ್ಲಿ ಕೋಷರ್ ನಿಯಮದ ಚರ್ಚೆ ಇಲ್ಲ. ಶೋಖೆಟ್‌ಗಳು ಕೋಳಿ ಕೊಯ್ಯುತ್ತಾರೆ ಎನ್ನುವ ಮಾತು ವ್ಯಾಪಾರದ ವಿವರಣೆಯಲ್ಲಿ ಬಂದು ಹೋಗುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಮೇಲೆ ತೀರ್ಪು ನಿಂತಿಲ್ಲ. ಕೋರ್ಟಿನ ಮಟ್ಟಿಗೆ ಅದು ಸರಿ, ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ. ಆದರೆ ಗಿರಾಕಿ ಪಂಜರದಲ್ಲಿ ಏನು ಹುಡುಕುತ್ತಿದ್ದಾನೆ ಅಂತ ಯಾರೂ ಕೇಳದೆ ಹೋದದ್ದರಿಂದ ಕೇಸಿನ ಅರ್ಧ ಕಥೆ ದಾಖಲೆಯ ಹೊರಗೇ ಉಳಿಯಿತು.

ಆಮೇಲೆ

ಮೇ 31ರಂದು ರೂಸ್ವೆಲ್ಟ್ ಪತ್ರಕರ್ತರನ್ನು ಕರೆದು ದೀರ್ಘವಾಗಿ ಮಾತಾಡಿದರು. ಅಂತರರಾಜ್ಯ ವ್ಯಾಪಾರವನ್ನು ಕೋರ್ಟು ಕುದುರೆ ಗಾಡಿ ಕಾಲದ ಅರ್ಥಕ್ಕೆ ತಳ್ಳಿದೆ ಎಂದು ದೂರಿದರು. ಆ ಕಾಯ್ದೆಯ ಎರಡು ವರ್ಷದ ಅವಧಿ ಮುಗಿಯಲು ಹೇಗೂ ಮೂರು ವಾರವೂ ಉಳಿದಿರಲಿಲ್ಲ. ಕೋಡ್‌ಗಳೆಲ್ಲ ಬಿದ್ದವು, ನೀಲಿ ಹದ್ದು ಕಿಟಕಿಗಳಿಂದ ಇಳಿಯಿತು.

ಕೂಲಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಜುಲೈ 1935ರಲ್ಲೇ ಕಾರ್ಮಿಕರು ಸಂಘ ಕಟ್ಟುವ ಹಕ್ಕಿನ ವಾಗ್ನರ್ ಕಾಯ್ದೆ ಬಂತು. 1938ರಲ್ಲಿ ಕನಿಷ್ಠ ಕೂಲಿ, ದುಡಿಮೆಯ ಗಂಟೆಗಳ ಕಾಯ್ದೆ ಬಂತು. ಈ ಸಲ ಸಂಸತ್ತೇ ನೇರವಾಗಿ ಬರೆದದ್ದು. ಶುರುವಿನಲ್ಲಿ ಗಂಟೆಗೆ 25 ಸೆಂಟ್, ಕೋಳಿ ಕೋಡ್‌ನಲ್ಲಿ ಇದ್ದದ್ದರ ಅರ್ಧ. 1941ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಕೋಳಿ ಕೋಡ್‌ನ ಜೊತೆ ಬಿದ್ದುಹೋಗಿದ್ದ ನ್ಯಾಯದ ಮಾತು ಸರಿಯಾದ ದಾರಿಯಲ್ಲಿ ವಾಪಸು ಬಂತು. ಅಧಿಕಾರ ಬಿಟ್ಟುಕೊಡುವ ಪ್ರಶ್ನೆ ನಮ್ಮ ದೇಶಕ್ಕೂ ಬಂದಿದೆ. 1951ರ ದೆಹಲಿ ಕಾನೂನುಗಳ ಕಾಯ್ದೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಶೆಕ್ಟರ್ ತೀರ್ಪೂ ಚರ್ಚೆಗೆ ಬಂದಿತ್ತು.

ಕೋಳಿಯ ವಿಷಯಕ್ಕೆ ಬಂದರೆ, ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕಿನ ಜೀವಂತ ಕೋಳಿ ಪೇಟೆ ಸೊರಗುತ್ತಾ ಬಂತು. ಕೊಯ್ಯುವ ಕೆಲಸ ಊರ ಹೊರಗೆ, ಕೋಳಿ ಸಾಕುವ ಜಾಗಗಳ ಹತ್ತಿರದ ದೊಡ್ಡ ಕಾರ್ಖಾನೆಗಳಿಗೆ ಹೋಯಿತು. ಶೋಖೆಟ್‌ಗಳೂ ಅಲ್ಲಿಗೇ ಹೋದರು. 1957ರಲ್ಲಿ ಕೇಂದ್ರ ಸರ್ಕಾರ ಕೋಳಿ ಮಾಂಸ ತಪಾಸಣೆ ಕಾಯ್ದೆ ತಂದಿತು. ರಾಜ್ಯದ ಗಡಿ ದಾಟಿ ಮಾರುವ ಕೋಳಿಯನ್ನು ಕೊಯ್ದ ಮೇಲೆ ಸರ್ಕಾರಿ ಇನ್ಸ್‌ಪೆಕ್ಟರ್ ಒಂದೊಂದಾಗಿ ನೋಡಲೇಬೇಕು ಎಂದು ಅದರಲ್ಲಿ ಬರೆದಿದೆ. ಧರ್ಮದ ಕಟ್ಟಳೆಯಂತೆ ಕೊಯ್ಯುವವರಿಗೆ ಆ ವಿಧಾನಕ್ಕೆ ಬೇಕಾದಷ್ಟು ವಿನಾಯಿತಿ ಕೊಡುವ ಅವಕಾಶವನ್ನೂ ಅದೇ ಕಾಯ್ದೆಯಲ್ಲಿ ಇಟ್ಟರು. ಇವತ್ತು ಅಂಥ ಕಾರ್ಖಾನೆಯಲ್ಲಿ ಕೋಳಿಗಳು ಸಾಲಾಗಿ ಬರುವಾಗ ಸರ್ಕಾರದ ಇನ್ಸ್‌ಪೆಕ್ಟರ್ ಇರುತ್ತಾನೆ, ರಬ್ಬಿಗಳ ಕಡೆಯ ಮೇಲ್ವಿಚಾರಕನೂ ಇರುತ್ತಾನೆ. ಒಬ್ಬ ರೋಗ ಹುಡುಕುತ್ತಾನೆ, ಇನ್ನೊಬ್ಬ ಮುರಿದ ರೆಕ್ಕೆ, ತೂತಾದ ಕರುಳು, ಕಾಲಿನ ನರ ನೋಡುತ್ತಾನೆ. ಇಬ್ಬರಲ್ಲಿ ಯಾರೇ ಬೇಡ ಎಂದರೂ ಆ ಕೋಳಿ ಕೋಷರ್ ಮುದ್ರೆ ಹೊತ್ತು ಹೊರಗೆ ಹೋಗುವುದಿಲ್ಲ.